ಜ್ವರ ಹೋದ ಮೇಲಿನ ಜಗಳ

ಸೂಳೆಕೆರೆ ದಂಡೆಯ ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಂದೇ ದಿನ ಚಿಕೂನ್‌ಗುನ್ಯ ಬಂತು. ತಿಪ್ಪೇರುದ್ರ ಹತ್ತು ದಿನ ಓಣಿಗೆಲ್ಲ ಕೇಳುವಂತೆ ನರಳಿದ. ಕೊಲ್ಲಾಪುರಮ್ಮ ಅವನಿಗೆ ಗಂಜಿ ಕಾಸಿಕೊಟ್ಟು, ಅಡುಗೆಮನೆಯಲ್ಲಿ ಗೋಡೆಗೊರಗಿ ತಾನೂ ನಡುಗಿದಳು. ಹನ್ನೊಂದನೇ ದಿನ ಅವನೆದ್ದು ಗದ್ದೆಗೆ ನೀರು ಕಟ್ಟಲು ಹೋದ. ಎರಡು ತಿಂಗಳಾದರೂ ಅವಳ ಬೆರಳು ಮಡಚಲು ಬರಲಿಲ್ಲ.

"ಕಚ್ಚಿದ್ದು ಒಂದೇ ಸೊಳ್ಳೆ. ನಂದು ಹೋತು, ನಿಂದ್ಯಾಕೆ ಇನ್ನೂ ಐತೆ?" ಎಂದ ತಿಪ್ಪೇರುದ್ರ. "ನಾ ನರಳುವಾಗ ನಾಟಕ ಅಂತ ನಕ್ಕಿದ್ಯಲ್ಲ, ಈಗ ನೀನೂ ನಾಟಕ ಕಲ್ತೀಯ."

ಆ ಮಾತು ಕೀಲುನೋವಿಗಿಂತ ಆಳಕ್ಕಿಳಿಯಿತು. ಗಂಡಸು ನರಳಿದರೆ ಅದು ಕಾಯಿಲೆ; ಹೆಂಗಸು ನರಳಿದರೆ ಸಾಕ್ಷಿ ತರಬೇಕು! ಇಪ್ಪತ್ತೆಂಟು ವರ್ಷ ಜೊತೆಗೆ ಉಂಡವನೇ ನಂಬದಿದ್ದರೆ ಇನ್ಯಾರು ನಂಬುತ್ತಾರೆ? ಮಾತ್ರೆಗಿಂತ ಹೆಚ್ಚಾಗಿ ಅವಳಿಗೆ ಬೇಕಾಗಿದ್ದುದು ಆ ನಂಬಿಕೆ. ಮಾರನೇ ದಿನ ಅವನನ್ನು ಎಳೆದುಕೊಂಡೇ ಆರೋಗ್ಯ ಕೇಂದ್ರಕ್ಕೆ ಹೋದಳು.

ನರ್ಸ್ ಅಂಬಿಕಾ ಊದಿದ ಬೆರಳುಗಳನ್ನು ಒಂದೊಂದಾಗಿ ಮೆಲ್ಲಗೆ ಒತ್ತಿ ನೋಡಿದಳು.

"ಅಣ್ಣಾ, ವೈರಸ್ ಒಳಗೆ ಬಂತು ಅಂದ್ರೆ ಹೆಂಗಸರ ಮೈ ಸಾಮಾನ್ಯವಾಗಿ ಜೋರಾಗೇ ಜಗಳಕ್ಕಿಳಿತೈತೆ. ಎಷ್ಟೋ ಸೋಂಕಿನಾಗೆ ಗಂಡಸರೇ ಹೆಚ್ಚು ಸೋಲಾಕೆ ಅದೂ ಒಂದು ಕಾರಣ. ಆದ್ರೆ ಈ ಜ್ವರದಾಗೆ ಒಂದು ಕಷ್ಟ ಐತೆ. ಜ್ವರ ಹೋದ್ಮೇಲೂ ಜಗಳ ನಿಲ್ಲಲ್ಲ, ಕೀಲಿನಾಗೆ ಕುಂತ್ಕಂತೈತೆ. ಅದು ಹೆಂಗಸರಿಗೇ ಜಾಸ್ತಿ."

"ಹಂಗಾರೆ ನಾಟಕ ಅಲ್ಲ?"

"ಇದನ್ನ ಕೇಳಾಕೆ ನನ್ನ ಹತ್ರ ಬರಬೇಕಿತ್ತಾ? ನಿನ್ನ ಪಕ್ಕದಾಗೇ ಅಕ್ಕ ಕುಂತಾರಲ್ಲ, ಅವರು ಹೇಳಿದ್ದು ಸಾಲಲಿಲ್ಲೇನು?"

ತಿಪ್ಪೇರುದ್ರ ಮನೆಗೆ ಬಂದವನೇ ಬಾಚಣಿಗೆ ಹುಡುಕಿ ತಂದು, "ನಿನಗೆ ಕೈ ನೋಯ್ತಾವೆ, ನಾ ಹಾಕ್ತೀನಿ" ಎಂದು ಅವಳ ಹಿಂದೆ ಕುಳಿತ. ಜಡೆ ಹೆಣೆಯಲಾಗದೆ ಅವಳು ಹೇಗೋ ಸುತ್ತಿಕೊಂಡಿದ್ದ ಕೂದಲಿನ ಸಿಕ್ಕು ಬಿಡಿಸಿದ. ಎರಡು ಎಳೆ ಮಾಡಿದ. ಅಂಗೈಗಳ ನಡುವೆ ಇಟ್ಟು ಬಿಗಿಯಾಗಿ ಹೊಸೆದ. ಅವನಿಗೆ ಗೊತ್ತಿದ್ದ ಹೆಣಿಗೆ ಅದೊಂದೇ.

ಕೊಲ್ಲಾಪುರಮ್ಮ ಮುಂಗೈಯಿಂದ ಸವರಿ ನೋಡಿ ಬೆಚ್ಚಿಬಿದ್ದಳು. "ರೀ, ಇದೇನ್ರಿ? ಎಮ್ಮೆ ಕಟ್ಟೋ ಹಗ್ಗ ಮಾಡಿಟ್ರಲ್ಲ!"

"ತಪ್ಪಾತೇನೇ? ಬಿಚ್ಚಲಾ?"

"ಮುಟ್ಟಿಗಿಟ್ಟೀರಿ!"

ಆ ಸಂಜೆ ಮಹಿಳಾ ಸಂಘದ ಸಭೆಗೆ ಅವಳು ಆ ಹಗ್ಗವನ್ನು ಹೆಗಲ ಮುಂದಕ್ಕೆ ಇಳಿಬಿಟ್ಟುಕೊಂಡೇ ಹೋದಳು. ಯಾರೆಷ್ಟು ನಕ್ಕರೂ ಒಂದೇ ಉತ್ತರ: "ನಮ್ಮನೆಯವ್ರು ಹಾಕಿದ್ದು ಕಣ್ರೇ. ನನಗೆ ಕೈ ನೋಯ್ತಾವಂತೆ, ಅವರೇ ಹೇಳಿದ್ರು."