ಮೂರೂಮುಕ್ಕಾಲು ಕಾಲಿನ ಸ್ಟೂಲು ನಾನು

ನಾನು ಒಂದು ಸ್ಟೂಲು. ಸುಮ್ಮನೆ ನಿಲ್ಲುವುದೇ ಸ್ಟೂಲುಗಳ ಕೆಲಸವಂತೆ. ನನ್ನಿಂದ ಅದು ಒಂದು ದಿನವೂ ಆಗಿಲ್ಲ. ದಾವಣಗೆರೆಯ ಬಡಗಿ ಮೌಲಾಸಾಬ್ ಉಳಿದ ಬೇವಿನ ತುಂಡುಗಳನ್ನು ಜೋಡಿಸಿ ನನ್ನನ್ನು ಮಾಡಿದ. ಅವಸರದಲ್ಲಿ ಕೊಯ್ದ ನಾಲ್ಕನೆಯ ಕಾಲು ಅರ್ಧ ಬೆರಳು ಗಿಡ್ಡವಾಯಿತು. ಅಂದಿನಿಂದ ಟಕ್ ಟಕ್ ಎಂದು ಅಲ್ಲಾಡುತ್ತಲೇ ಇದ್ದೇನೆ.

ಮೊದಲು ಗುರುಬಸಪ್ಪನವರ ಸೀರೆ ಅಂಗಡಿಗೆ ಹೋದೆ. ಮೇಲಿನ ಕಪಾಟಿನ ಸೀರೆ ಇಳಿಸಲು ಕೆಲಸದವರು ನನ್ನ ಮೇಲೆ ಹತ್ತಬಹುದು, ಕೂರಬಾರದು. ಬಾಗಿಲು ತೆರೆದಾಗಿನಿಂದ ಮುಚ್ಚುವ ತನಕ ಅಲ್ಲಿ ಯಾರೂ ಕೂರುವಂತಿಲ್ಲ. ಥೂ, ಅದೂ ಒಂದು ಬಾಳೇ!

ಆ ಅಂಗಡಿಗೆ ದಾಕ್ಷಾಯಣಿ ಕೆಲಸಕ್ಕೆ ಸೇರಿದಳು. ಮೂರು ವರ್ಷದ ಹಿಂದೆ ಅವಳಿಗೆ ಚಿಕೂನ್‌ಗುನ್ಯಾ ಬಂದಿತ್ತು. ಜ್ವರ ಹೋಯಿತು, ನೋವು ಗಂಟುಗಂಟಿನಲ್ಲೂ ಉಳಿಯಿತು. ಒಂದು ಗಂಟೆ ನಿಂತರೆ ಮಂಡಿ ಉರಿ, ಅರ್ಧ ಗಂಟೆ ಕೂತರೆ ಸೊಂಟ ಹಿಡಿತ. ನೋಡಲು ಮಾತ್ರ ಗಟ್ಟಿಮುಟ್ಟು ಹೆಂಗಸು. ಹೇಳಿದರೆ ಯಾರೂ ನಂಬರು. ಕೆಲಸ ಹೋದರೆ ಅಣ್ಣನ ಮನೆಯಲ್ಲಿ ಬಿದ್ದಿರಬೇಕು. ಅದು ಅವಳಿಗೆ ಸುತರಾಂ ಬೇಡ.

ಒಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಅವಳು ಮೆಲ್ಲಗೆ ನನ್ನ ಮೇಲೆ ಕೂತಳು. ನನ್ನ ಮೇಲೆ ಕೂತ ಮೊದಲ ಜೀವ! ಹಿಗ್ಗಿ ಟಕ್ ಎಂದುಬಿಟ್ಟೆ. ಗುರುಬಸಪ್ಪ ತಿರುಗಿ ನೋಡಿದರು.

“ಕೂರೋದಾದ್ರೆ ಮನೇಲಿ ಕೂತ್ಕಳಮ್ಮ. ಆ ಡೊಂಕು ಸ್ಟೂಲೂ ತಗಂಡ್ಹೋಗು.”

ಅವಳೂ ಬಿಡಲಿಲ್ಲ, ನನ್ನನ್ನು ಆಟೋಗೆ ಹಾಕಿಕೊಂಡೇ ಹೊರಟಳು. ಸದ್ದು ಮಾಡಿದ್ದು ನಾನು, ಕೆಲಸ ಹೋದದ್ದು ಅವಳದು.

ಆಮೇಲೆ ಟೈಪಿಂಗ್ ಸೆಂಟರು. ಸೊಂಟ ನೆಟ್ಟಗೆ ಮಾಡಲು ಎದ್ದರೆ ಅಲ್ಲಿನ ಮಾಲೀಕರದು, “ಪದೇ ಪದೇ ಯಾಕೆ ಏಳ್ತೀಯಾ?” ಹದಿನೈದೇ ದಿನ, ಅದೂ ಹೋಯಿತು. ಎದುರು ಮನೆಯ ಗಿರಿಜಕ್ಕ ದಿನಾ ಬಾಗಿಲಲ್ಲಿ ನಿಂತು ಕೇಳುವಳು, “ಏನೇ ದಾಕ್ಷಿ, ಮನೇಲೇ ಕೂತಿದೀಯಾ?”

“ಕೂರಾಕ್ ಆಗಿದ್ರೆ ಕೆಲ್ಸ ಇರ್ತಿತ್ತಕ್ಕಾ!” ಎಂದು ಇವಳು ರೇಗಿದಳು. ಬಾಗಿಲು ಹಾಕಿಕೊಂಡು ನನ್ನ ಮೇಲೆ ಕೂತು ಅತ್ತಳು, ಎದ್ದಳು, ಮತ್ತೆ ಕೂತಳು. ಅವಳಿಗೂ ನೆಲೆಯಿಲ್ಲ, ನನಗೂ ಇಲ್ಲ.

ಖಾಸಗಿ ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಊರಿನ ಹೆಸರು ಕೂಗುವವರು ಬೇಕಾಗಿದ್ದರು. ಅಲ್ಲಿನ ಮೇಲ್ವಿಚಾರಕ ತಿಪ್ಪೇಸ್ವಾಮಿಯವರ ಮುಂದೆ ಈ ಸಲ ಅವಳು ಏನನ್ನೂ ಮುಚ್ಚಿಡಲಿಲ್ಲ.

“ಸಾರ್, ನಂದು ಹೋಗೋ ನೋವಲ್ಲ. ಸ್ವಲ್ಪ ಹೊತ್ತು ಕೂರ್ತೀನಿ, ಸ್ವಲ್ಪ ಹೊತ್ತು ನಿಲ್ತೀನಿ. ಬಸ್ಸು ಮಾತ್ರ ಒಂದೂ ಬಿಡದಂಗೆ ಕೂಗ್ತೀನಿ.”

“ಮೈಕಿಗೆ ಕಾಲು ಕಾಣಲ್ಲ ಬಿಡಮ್ಮ. ಒಂದ್ ವಾರ ನೋಡಾಣ.”

ಆ ಕೋಣೆಯಲ್ಲಿ ಕುರ್ಚಿಯೇ ಇರಲಿಲ್ಲ. ಹಾಗಾಗಿ ನಾನೂ ಹೋದೆ. ಆರು ದಿನ ಸುಸೂತ್ರವಾಗಿ ಕಳೆಯಿತು. ಏಳನೆಯ ದಿನ ಥಂಡಿ, ಅವಳ ಗಂಟುಗಳೆಲ್ಲ ಬಿಗಿದಿದ್ದವು. “ಹರಿಹರ, ರಾಣೆಬೆನ್ನೂರು, ಹಾವೇರಿ...” ಎನ್ನುತ್ತಾ ಏಳಹೋದಳು. ಹಾಳಾದ ನಾನು ಟಕ್ಕೆಂದು ವಾಲಿದೆ.

“ಅಯ್ಯಯ್ಯೋ ನನ್ ಮಂಡೀ!”

ನಿಲ್ದಾಣದ ಅಷ್ಟೂ ಸ್ಪೀಕರುಗಳಲ್ಲಿ ಅದೇ ಮೊಳಗಿತು. ಇವತ್ತಿಗೆ ಇದೂ ಮುಗಿಯಿತು ಎಂದುಕೊಂಡೆ. ಅವಳು ಆಗಲೇ ಬ್ಯಾಗಿಗೆ ಕೈ ಹಾಕಿದ್ದಳು. ಅಷ್ಟರಲ್ಲಿ ಮೆಣಸಿನಕಾಯಿ ಚೀಲ ಹೊತ್ತ ಅಜ್ಜಿಯೊಬ್ಬಳು ಏದುಸಿರು ಬಿಡುತ್ತಾ ಕಿಟಕಿಗೆ ಬಂದಳು.

“ಯವ್ವಾ, ಮಂಡಿ ಬಸ್ಸು ಎಲ್ಲಿ ನಿಂತೈತಿ? ಈಗ ಕೂಗಿದ್ಯಲ್ಲ!”

ಅಜ್ಜಿಗೆ ಮಂಡಿಯೆಂದರೆ ಮೆಣಸಿನಕಾಯಿ ಮಾರುವ ಮಂಡಿ. ಹಿಂದೆಯೇ ಧಾವಿಸಿ ಬಂದ ತಿಪ್ಪೇಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕರು. ದಾಕ್ಷಾಯಣಿ ಅಜ್ಜಿಗೆ ಸಿಟಿ ಬಸ್ಸು ತೋರಿಸಿ, ಕಣ್ಣೊರೆಸಿಕೊಂಡು, ಬಿಟ್ಟಲ್ಲಿಂದಲೇ ಶುರು ಮಾಡಿದಳು: “ಹಾವೇರಿ, ಹುಬ್ಬಳ್ಳಿ...”

“ಇನ್ಮೇಲೆ ಅಯ್ಯೋ ಅನ್ನಕ್ ಮುಂಚೆ ಮೈಕ್ ಆಫ್ ಮಾಡಮ್ಮ. ನಾಳೆ ಬೆಳಿಗ್ಗೆ ಆರಕ್ಕೆ ಬಾ,” ಎಂದರು ಅವರು. ಕೆಲಸ ಉಳಿಯಿತು.

ಅದಾಗಿ ಹನ್ನೊಂದು ವರ್ಷ. ನನ್ನ ಬಣ್ಣ ಹೋಗಿದೆ, ಒಂದು ಕಾಲಿಗೆ ತಂತಿ ಬಿಗಿದಿದ್ದಾರೆ. ಅವಳ ನೋವೂ ಹೋಗಿಲ್ಲ. ಮೊನ್ನೆ ತಿಪ್ಪೇಸ್ವಾಮಿ ರಟ್ಟು ಮಡಚಿ ನನ್ನ ಗಿಡ್ಡ ಕಾಲಿನಡಿ ಇಡಲು ಬಗ್ಗಿದರು.

“ಬ್ಯಾಡಿ ಸಾರ್,” ಎಂದಳು. “ಇದು ಅಲ್ಲಾಡಿದ್ರೇನೇ ನಂಗೆ ಏಳಬೇಕು ಅಂತ ನೆನಪಾಗೋದು. ಇಲ್ಲಾಂದ್ರೆ ಸೊಂಟ ಹಿಡ್ಕಂಬಿಡುತ್ತೆ.”

ಇಷ್ಟು ವರ್ಷ ಬೈಸಿಕೊಂಡ ನನ್ನ ಗಿಡ್ಡ ಕಾಲಿಗೂ ಒಂದು ತಕ್ಕ ಕೆಲಸ ಇತ್ತು, ಅದು ನನಗೇ ಗೊತ್ತಿರಲಿಲ್ಲ. ಟಕ್ ಎಂದೆ. ಅವಳು ಎದ್ದು ನಿಂತು ಹರಿಹರದ ಬಸ್ಸು ಕೂಗಿದಳು.