ಕಂಬದಣ್ಣನ ಜೇಬಿನ ಫ್ಯೂಸ್

ನಿಮ್ಮ ಮಾಳಿಗೆಯ ಮೇಲೆ ನೀವು ಯಾರನ್ನೂ ಕೇಳದೆ ಮಾಡಿಕೊಂಡ ಕೆಲಸಕ್ಕೆ, ಬೀದಿಯ ಕಂಬ ಹತ್ತಿದ ಮನುಷ್ಯನೊಬ್ಬ ಏಕೆ ಪ್ರಾಣ ಕೊಡಬೇಕು? "ನಮ್ಮ ಮನೆ, ನಮ್ಮ ಬಿಸಿಲು, ಕೇಳೋದಕ್ಕೆ ಅವರ್ಯಾರು?" ಎಂದು ನೀವೂ ಒಮ್ಮೆಯಾದರೂ ಅಂದಿರಬಹುದು. ಅಂದಿದ್ದರೆ ಈ ಕಥೆಯನ್ನು ಕೊನೆಯವರೆಗೂ ಕೇಳಿ. ಇದು ಕೆಟ್ಟವರ ಕಥೆಯಲ್ಲ. ಯಾರಿಗೂ ಕೇಡು ಬಯಸದ, ಕೈಕೆಲಸದಲ್ಲಿ ನಿಪುಣನಾದ ಒಬ್ಬ ವೆಲ್ಡರ್‌ನ ಮನೆಯಲ್ಲಿ ನಡೆದದ್ದು. ಸಿಟ್ಟು ಬರಬೇಕಾದದ್ದೂ ಅದಕ್ಕಾಗಿಯೇ.

ಆ ಮನೆಯ ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ಹಿತ್ತಲಿನ ತಗಡಿನ ಮಾಡಿನ ಕೆಳಗೆ ಗಂಡನ ವೆಲ್ಡಿಂಗ್ ಯಂತ್ರ. ಅವನು ಕಬ್ಬಿಣಕ್ಕೆ ಕಿಡಿ ಹಚ್ಚಿದಾಗಲೆಲ್ಲ ಬಾಗಿಲ ಪಕ್ಕದ ಗೋಡೆಯಲ್ಲಿದ್ದ ಮೈನ್ ಸ್ವಿಚ್ಚಿನ ಹಿಡಿ 'ಟಪ್' ಎಂದು ಬೀಳುತ್ತಿತ್ತು. ಬಿದ್ದೊಡನೆ ಅವನ ವೃದ್ಧ ತಾಯಿ ಕುಳಿತಲ್ಲಿಂದ ಎದ್ದು, ಊರುಗೋಲಿನ ತುದಿಯಿಂದ ಅದನ್ನು ಮೇಲಕ್ಕೆ ನೂಕುತ್ತಿದ್ದಳು. ಇಪ್ಪತ್ತು ವರ್ಷಗಳಿಂದ ಆ ಮನೆಯಲ್ಲಿ ಅದು ಅವಳ ಕೆಲಸ. ಯಾರೂ ಹೇಳಿ ಕೊಟ್ಟದ್ದಲ್ಲ, ಯಾರೂ ಬೇಡವೆಂದದ್ದೂ ಇಲ್ಲ.

ಆ ಬೀದಿಯ ಲೈನ್‌ಮ್ಯಾನ್‌ನನ್ನು ಎಲ್ಲರೂ ಕಂಬದಣ್ಣ ಎನ್ನುತ್ತಿದ್ದರು. ಕಂಬ ಹತ್ತುವ ಮುನ್ನ ಅವನು ಬುಡದ ಪೆಟ್ಟಿಗೆಯಿಂದ ಫ್ಯೂಸ್ ಕಿತ್ತು ತನ್ನ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಫ್ಯೂಸ್ ತನ್ನ ಬಳಿಯಿದ್ದರೆ ಇನ್ನೊಬ್ಬ ಬಂದು ಅದನ್ನು ಸಿಕ್ಕಿಸಲಾರನೆಂಬ ಧೈರ್ಯ. ಬಗ್ಗಿದಾಗ ಬೀಳದಿರಲೆಂದು ಆ ಜೇಬನ್ನು ಆಳವಾಗಿ, ಮೇಲೆ ಗುಂಡಿಯಿಟ್ಟು ಹೊಲಿದುಕೊಟ್ಟವಳು ಈ ಮನೆಯ ಹೊಲಿಗೆಯಾಕೆಯೇ.

ಮಧ್ಯಾಹ್ನದ ಹೊತ್ತು ಬೀದಿಯಲ್ಲಿ ಕರೆಂಟ್ ನಿಲ್ಲುವುದು ಹೆಚ್ಚಾಯಿತು. ಶಾಲೆಯ ಸಮವಸ್ತ್ರಗಳು ಅರ್ಧ ತೋಳಿನಲ್ಲಿ ನಿಂತವು. ವೆಲ್ಡರ್ ನಾಲ್ಕು ಸೋಲಾರ್ ಫಲಕ, ಬ್ಯಾಟರಿ, ಇನ್ವರ್ಟರ್ ತಂದ. ಮಾಳಿಗೆಯ ಮೇಲೆ ಕಬ್ಬಿಣದ ಚೌಕಟ್ಟನ್ನು ತಾನೇ ಬೆಸೆದ. ತಂದದ್ದೂ ತಪ್ಪಲ್ಲ, ತಾನೇ ಬೆಸೆದದ್ದೂ ತಪ್ಪಲ್ಲ. ತಪ್ಪು ಎಲ್ಲಿತ್ತೆಂಬುದನ್ನು ಅವನ ಹೆಂಡತಿಯ ಅಕ್ಕ ಭಾನುವಾರ ಬಂದವಳೇ ಕಂಡುಹಿಡಿದಳು. ಕಟ್ಟಡಗಳಿಗೆ ನಕ್ಷೆ ಬರೆಯುವುದು ಅವಳ ವೃತ್ತಿ. ಸ್ವಂತ ಕೈಯಿಂದ ಸೋಲಾರ್ ಹಾಕಿಕೊಳ್ಳುವವರಿಗೆ ಅನುಮತಿಯ ನಕ್ಷೆ ಮಾಡಿಕೊಟ್ಟು, ಅರ್ಜಿಯಿಂದ ಕೊನೆಯ ತಪಾಸಣೆಯವರೆಗೆ ಜೊತೆ ನಿಲ್ಲುವುದೂ ಅವಳ ಕೆಲಸವೇ.

"ಏನು ಮೇಸ್ತ್ರಿಗಳೇ, ಇದರ ನಕ್ಷೆ ಎಲ್ಲಿ?" ಎಂದು ಅವಳು ಕೇಳಿದಳು.

ವೆಲ್ಡರ್ ಹಣೆಗೆ ಬೆರಳು ಮುಟ್ಟಿಸಿದ. "ಇಲ್ಲಿದೆ ಅತ್ತಿಗೆ."

"ಅದನ್ನ ಕಚೇರಿಗೆ ಹೇಗೆ ಕೊಡೋದು? ತಲೆ ಕಳಚಿ ಅರ್ಜಿಗೆ ಲಗತ್ತಿಸ್ತೀರಾ?"

"ನಗಬೇಡಿ. ಇಪ್ಪತ್ತು ವರ್ಷದಿಂದ ಗೇಟು, ಗ್ರಿಲ್ಲು, ಮೆಟ್ಟಿಲು ಮಾಡಿದೀನಿ. ಒಂದಕ್ಕೂ ಗೆರೆ ಎಳೆದೋನಲ್ಲ. ಗೇಣಲ್ಲಿ ಅಳೀತೀನಿ, ಇಟ್ಟಲ್ಲಿ ಕೂರುತ್ತೆ."

"ನಮ್ಮ ಬಚ್ಚಲು ಬಾಗಿಲು ಎರಡು ಸಲ ಕೂರಲಿಲ್ಲ ಕಣ್ರೀ" ಎಂದಳು ಹೆಂಡತಿ, ಯಂತ್ರದಿಂದ ತಲೆಯೆತ್ತದೆ.

"ಅದು ಗೋಡೆ ತಪ್ಪು."

"ಹೌದು, ಪಾಪ, ಗೋಡೆ ಗೇಣು ಸಣ್ಣದು. ನೋಡಿ, ನಾನು ಒಂದು ಕಾಜಾ ತೆಗೆಯೋಕೂ ಸೀಮೆಸುಣ್ಣ ಹಿಡೀತೀನಿ. ಕತ್ತರಿ ಆಡಿಸಿದ ಮೇಲೆ ಬಟ್ಟೆ ಮತ್ತೆ ಕೂಡುತ್ತಾ?"

ಅಕ್ಕ ನಗಲಿಲ್ಲ. ಇನ್ವರ್ಟರಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ವೈರುಗಳನ್ನು ನೋಡುತ್ತಿದ್ದಳು. "ಬೀದಿ ಕರೆಂಟಿಗೂ ಇದಕ್ಕೂ ನಡುವೆ ಅಡ್ಡ ಏನಿಡ್ತೀರಿ?"

"ಮೈನ್ ಸ್ವಿಚ್ ಇದೆಯಲ್ಲ? ಬೀದೀಲಿ ಕರೆಂಟ್ ಹೋಯ್ತಾ, ಅದನ್ನ ಇಳಿಸ್ತೀನಿ. ಸೋಲಾರ್ ಹಾಕ್ತೀನಿ. ಬಂತಾ, ಇದನ್ನ ಆರಿಸಿ ಅದನ್ನ ಎತ್ತುತೀನಿ. ಇದಕ್ಕೊಂದು ನಕ್ಷೆ, ಅದಕ್ಕೊಂದು ಮೊಹರು, ಅದಕ್ಕೊಬ್ಬ ಸಾಹೇಬ!"

"ಇಳಿಸೋದು ಮರೆತರೆ?"

"ನಾನ್ಯಾಕೆ ಮರೀಲಿ?"

"ಬೇರೆ ಯಾರಾದ್ರೂ ಎತ್ತಿಬಿಟ್ಟರೆ?"

"ಈ ಮನೇಲಿ ನನ್ನ ಕೇಳದೆ ಅದನ್ನ ಎತ್ತೋರು ಯಾರಿದಾರೆ ಅತ್ತಿಗೆ?"

ಅವನು ಈ ಮಾತು ಆಡುವಾಗ ಅವನ ತಾಯಿ ಅದೇ ಸ್ವಿಚ್ಚಿನ ಕೆಳಗೆ, ಅವನಿಂದ ಎರಡು ಮಾರು ದೂರದಲ್ಲಿ, ಊರುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಯಾರ ಕಣ್ಣೂ ಆ ಕಡೆ ಹೋಗಲಿಲ್ಲ. ದಿನವೂ ಕಾಣುವುದನ್ನು ನಾವು ನೋಡುವುದಿಲ್ಲ. ನಕ್ಷೆ ಬರೆಯಲು ಕುಳಿತವರು ನೋಡುತ್ತಾರೆ, ಏಕೆಂದರೆ ಅವರು ಪ್ರತಿಯೊಂದನ್ನೂ ಕಾಗದದ ಮೇಲೆ ಇಡಲೇಬೇಕು.

"ಬುಧವಾರ ಟೇಪು ತಂದು ಅಳತೆ ತಗೋತೀನಿ" ಎಂದು ಅಕ್ಕ ಎದ್ದಳು. "ಕೆಲಸ ನೀವೇ ಮಾಡಿ, ಯಾರೂ ಬೇಡ ಅನ್ನಲ್ಲ. ಬೀದಿ ಕರೆಂಟಿಗೆ ಸೇರಿಸೋದನ್ನ ಮಾತ್ರ ಪರವಾನಗಿ ಇರೋ ಎಲೆಕ್ಟ್ರಿಷಿಯನ್ ಮಾಡ್ಲಿ. ಅಲ್ಲೀವರೆಗೂ ಮನೆ ವೈರಿಂಗಿಗೆ ಇದನ್ನ ಮುಟ್ಟಿಸಬೇಡಿ. ಮಾತು ಕೊಡಿ."

"ಆಯ್ತು, ಆಯ್ತು."

ಎರಡು ಸಲ 'ಆಯ್ತು' ಎಂದವನು ಒಮ್ಮೆಯೂ ಒಪ್ಪಿರುವುದಿಲ್ಲ. ಮಂಗಳವಾರವೇ ಅವನು ಎರಡೂ ತುದಿಗೆ ಪಿನ್ ಇರುವ ಒಂದು ವೈರ್ ಮಾಡಿದ. ಒಂದು ತುದಿ ಇನ್ವರ್ಟರಿಗೆ, ಇನ್ನೊಂದು ಗೋಡೆಯ ಸಾಕೆಟ್ಟಿಗೆ. ಮನೆಯೆಲ್ಲ ಬೆಳಗಿತು. "ನೋಡಿದ್ಯಾ?" ಎಂದ ಹೆಂಡತಿಗೆ. ರಾಶಿ ಬಿದ್ದಿದ್ದ ಸಮವಸ್ತ್ರಗಳನ್ನು ನೆನೆದು ಅವಳೂ ಯಂತ್ರದ ಮುಂದೆ ಕುಳಿತಳು.

ಬುಧವಾರ ಹನ್ನೊಂದು ಗಂಟೆಗೆ ಕಂಬದಣ್ಣ ಬಂದ. ಅವರ ಮನೆಯ ದೀಪಗಳು ಕೆಲವು ದಿನಗಳಿಂದ ಮಿಣಮಿಣ ಎನ್ನುತ್ತಿದ್ದವು. ಕಂಬದಿಂದ ಮನೆಗೆ ಬರುವ ತಂತಿಯ ಜೋಡಣೆ ಸಡಿಲವಾಗಿತ್ತು. ದೂರು ಕೊಟ್ಟವಳೂ ಹೊಲಿಗೆಯಾಕೆಯೇ.

"ಮೇಸ್ತ್ರೀ, ಫ್ಯೂಸ್ ಕಿತ್ತಿದೀನಿ. ನೀನೂ ಮೈನ್ ಇಳಿಸು" ಎಂದು ಕೂಗಿ, ಫ್ಯೂಸನ್ನು ಜೇಬಿಗೆ ಹಾಕಿ ಗುಂಡಿ ತೊಡಿಸಿ, ಕಂಬಕ್ಕೆ ಏಣಿ ಒರಗಿಸಿ ಹತ್ತಿದ.

"ಇಳಿಸಿದೆ ಅಣ್ಣಾ!" ವೆಲ್ಡರ್ ನಿಜವಾಗಿಯೂ ಇಳಿಸಿದ್ದ. ಆಮೇಲೆ ಹೆಮ್ಮೆಯಿಂದ ಇನ್ವರ್ಟರ್ ಹಾಕಿದ. "ನೀನು ಹೊಲೀತಾ ಇರು ಕಣೇ. ಅವನು ಕಂಬದ ಮೇಲಿದ್ರೂ ನಮ್ಮ ಮಷೀನು ನಿಲ್ಲಲ್ಲ" ಎಂದು ಹೇಳಿ, ಬೋಲ್ಟು ಬಿಗಿಯಲು ಮಾಳಿಗೆ ಹತ್ತಿದ.

ಹೊಲಿಗೆಯ ಸದ್ದು ಹೊರಗೂ ಕೇಳುತ್ತಿತ್ತು. ತಾಯಿ ಹಿತ್ತಲಿನಿಂದ ಒಳಗೆ ಬಂದಳು. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು, ಅವಳು ಅದನ್ನು ನೋಡಲಿಲ್ಲ. ಗೋಡೆಯಲ್ಲಿ ಹಿಡಿ ಬಿದ್ದಿತ್ತು, ಅದನ್ನು ನೋಡಿದಳು. "ಮತ್ತೆ ಬಿತ್ತಾ ಶನಿ" ಎಂದು ಗೊಣಗಿ ಊರುಗೋಲನ್ನು ಎತ್ತಿದಳು.

ಟಪ್.

ಆ ಕ್ಷಣದಿಂದ ಮಾಳಿಗೆಯ ಬಿಸಿಲು ಮನೆಯ ಗೋಡೆಯೊಳಗಿಂದ ಮೀಟರ್ ದಾಟಿ ಕಂಬದ ಕಡೆಗೆ ಹೊರಟಿತು. ಅತ್ತ ಕಂಬದ ಮೇಲೆ ಆ ಮನುಷ್ಯ ತಂತಿಯನ್ನು ಹಳೆಯ ಜೋಡಣೆಯಿಂದ ಬಿಡಿಸಿಯಾಗಿತ್ತು. ಸಣ್ಣ ಎಳೆಗಳನ್ನು ಹೊಸೆಯಲು ದಪ್ಪ ಕೈಗವಸು ಅಡ್ಡಿಯಾಗುತ್ತಿತ್ತು. ಬಲಗೈಯದನ್ನು ಹಲ್ಲಿನಲ್ಲಿ ಕಚ್ಚಿ ಎಳೆಯತೊಡಗಿದ. ಸತ್ತ ತಂತಿಯಲ್ಲವೇ? ಫ್ಯೂಸ್ ಎದೆಯ ಮೇಲಿನ ಜೇಬಿನಲ್ಲಿತ್ತಲ್ಲವೇ?

ಅಕ್ಕ ಅದೇ ಹೊತ್ತಿಗೆ ಟೇಪು, ಕಾಗದದ ಸುರುಳಿ ಹಿಡಿದು ಗೇಟು ತೆರೆದಳು. ಬುಡದ ಪೆಟ್ಟಿಗೆ ತೆರೆದಿತ್ತು, ಫ್ಯೂಸ್ ಇರಲಿಲ್ಲ. ಸರಿ. ಅಭ್ಯಾಸಬಲದಿಂದ ಅವಳ ಕಣ್ಣು ಜಗಲಿಯ ಗೋಡೆಯ ಮೀಟರಿಗೆ ಹೋಯಿತು.

ಮೀಟರಿನ ಕೆಂಪು ದೀಪ ಉರಿಯುತ್ತಿತ್ತು.

ಬೀದಿಯಿಂದ ಬರುವ ದಾರಿ ಕಡಿದಿದೆ. ಹಾಗಾದರೆ ಇದು ಮನೆಯಿಂದ ಹೋಗುತ್ತಿರುವ ಕರೆಂಟ್!

"ಅಣ್ಣಾ, ಮುಟ್ಟಬೇಡಿ! ಕೈ ತೆಗೀರಿ! ತಂತೀಲಿ ಕರೆಂಟಿದೆ!"

"ಏನಮ್ಮಾ?" ಕಂಬದಣ್ಣ ಹಲ್ಲಿನಲ್ಲಿದ್ದ ಕೈಗವಸನ್ನು ಎಡಗೈಗೆ ತೆಗೆದುಕೊಂಡ. ಬರಿಗೈ ತಂತಿಯ ತುದಿಗೆ ನಾಲ್ಕು ಬೆರಳಿನಷ್ಟು ದೂರದಲ್ಲಿತ್ತು. "ಫ್ಯೂಸ್ ನನ್ನ ಹತ್ರಾನೇ ಇದೆ."

"ಫ್ಯೂಸ್ ಅಲ್ಲ, ಮನೆ! ಮನೆಯಿಂದ ಬರ್ತಿದೆ! ಕೈ ತೆಗೀರಿ ಅಂದೆ!"

ಆ ಕೈ ನಿಂತಿತು. ಆಮೇಲೆ ಕಂಬದಣ್ಣ ಬಹಳ ನಿಧಾನವಾಗಿ ಹಿಂದೆ ಸರಿದು, ಕೈಗವಸು ಮತ್ತೆ ತೊಟ್ಟು, ಸೊಂಟದ ಟೆಸ್ಟರನ್ನು ತಂತಿಗೆ ಹಿಡಿದ. ಟೆಸ್ಟರಿನ ದೀಪ ಹತ್ತಿಕೊಂಡಿತು.

ಅಕ್ಕ ಒಳಗೆ ಓಡಿ ಇನ್ವರ್ಟರ್ ಆರಿಸಿದಳು. ಹೊಲಿಗೆ ಯಂತ್ರ ನಿಂತಿತು. ಏಣಿಯ ಮೆಟ್ಟಿಲುಗಳ ಮೇಲೆ ಕಂಬದಣ್ಣ ಒಂದೊಂದೇ ಕಾಲಿಟ್ಟು ಇಳಿಯುವುದು ಒಳಗೂ ಕೇಳಿಸಿತು. ಇಳಿದವನು ಕಂಬದ ಬುಡದಲ್ಲೇ ಕುಳಿತ. ಹೊಲಿಗೆಯಾಕೆ ತಂದ ನೀರನ್ನು ಗಟಗಟ ಕುಡಿಯುವಾಗ ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡ. ಅವಳೇ ಹೊಲಿದ ಜೇಬು ಒದ್ದೆಯಾಯಿತು.

ವೆಲ್ಡರ್ ಮಾಳಿಗೆಯಿಂದ ಓಡಿ ಬಂದ.

"ಇಳಿಸಿದೆ ಅಂದ್ಯಲ್ಲೋ" ಎಂದ ಕಂಬದಣ್ಣ. ಬೈಗುಳವಿರಲಿಲ್ಲ, ಕೂಗಿರಲಿಲ್ಲ. "ನಿನ್ನ ಮಾತು ನಂಬಿದ್ನಲ್ಲೋ ಮೇಸ್ತ್ರಿ. ಟೆಸ್ಟರೂ ಹಿಡೀಲಿಲ್ಲ ನಾನು. ನಿನ್ನ ಮನೆ ಅಂತ."

"ಇಳಿಸಿದ್ದೆ ಅಣ್ಣಾ! ಆಣೆಗೂ ಇಳಿಸಿದ್ದೆ. ಯಾರು ಎತ್ತಿದ್ದು? ಯಾರು?"

"ನಾನೇ ಕಣೋ" ಎಂದಳು ತಾಯಿ ಬಾಗಿಲಲ್ಲಿ ನಿಂತು. "ಬಿದ್ದಿತ್ತು, ಎತ್ತಿದೆ. ಯಾವತ್ತೂ ಎತ್ತೋದಿಲ್ವಾ? ಏನಾಯ್ತು? ನಾನೇನು ಮಾಡಿದೆ?"

ಅವಳು ಎಲ್ಲರ ಮುಖ ನೋಡಿದಳು, ಕಂಬ ನೋಡಿದಳು, ಕೈಯಲ್ಲಿದ್ದ ಊರುಗೋಲು ನೋಡಿದಳು. ಅರ್ಥವಾದಾಗ ಅದು ಅವಳ ಕೈಯಿಂದ ಜಾರಿತು.

ವೆಲ್ಡರ್ ಬಾಗಿ ಅದನ್ನೆತ್ತಿ ತಾಯಿಯ ಕೈಗಿಟ್ಟ. "ನೀನೇನೂ ಮಾಡಿಲ್ಲ ಅಮ್ಮ. ಮಾಡಿದೋನು ನಾನು." ಆಮೇಲೆ ಒಳಗೆ ಹೋಗಿ ಆ ವೈರನ್ನು ಎರಡೂ ಕಡೆಯಿಂದ ಕಿತ್ತು, ಹೆಂಡತಿಯ ದೊಡ್ಡ ಕತ್ತರಿಯಿಂದ ತುಂಡು ತುಂಡು ಮಾಡಿದ. ಬಟ್ಟೆಯ ಕತ್ತರಿಗೆ ಬೇರೇನನ್ನೂ ಮುಟ್ಟಿಸಲು ಬಿಡದ ಅವಳು ಅಂದು ತಾನೇ ಅದನ್ನು ಎತ್ತಿಕೊಟ್ಟಿದ್ದಳು.

"ಅತ್ತಿಗೆ, ಟೇಪು ಹಿಡೀರಿ" ಎಂದ ಹೊರಗೆ ಬಂದು. "ಎಲ್ಲಿಂದ ಅಳೀಬೇಕು ಹೇಳಿ."

ಮುಂದಿನದು ಸುಲಭವಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಫಲಕಗಳ ಮೇಲೆ ಬಿಸಿಲು ಬೀಳುತ್ತಿರುವವರೆಗೂ ಅವು ಕರೆಂಟ್ ಹುಟ್ಟಿಸುತ್ತಲೇ ಇರುತ್ತವೆಂದು, ಅನುಮತಿ ಬರುವವರೆಗೆ ದಪ್ಪ ಹೊದಿಕೆ ಹೊದಿಸಿದರು. ಅಕ್ಕ ಮಾಳಿಗೆಯ ಅಳತೆ, ಚೌಕಟ್ಟಿನ ಭಾರ, ವೈರ್ ಇಳಿಯುವ ದಾರಿ, ಪ್ರತಿಯೊಂದು ಸ್ವಿಚ್ಚಿನ ಜಾಗ, ಇವೆಲ್ಲವನ್ನೂ ಕಾಗದಕ್ಕಿಳಿಸಿದಳು. "ಈ ಮೈನ್ ಯಾರು ಯಾರು ಮುಟ್ಟುತ್ತಾರೆ?" ಎಂದು ಮೊದಲ ದಿನವೇ ಕೇಳಿದಳು. ಆ ಪ್ರಶ್ನೆಗೆ ತಾಯಿಯೇ ಕೈಯೆತ್ತಿದಳು. ಬೀದಿಯ ಕರೆಂಟ್ ಹೋದ ಕೂಡಲೇ ತಾನಾಗಿ ಬೀದಿಯ ಸಂಬಂಧ ಕಡಿದುಕೊಂಡು, ಹೊಲಿಗೆ ಯಂತ್ರಕ್ಕೂ ನಾಲ್ಕು ದೀಪಗಳಿಗೂ ಮಾತ್ರ ಬೇರೆ ವೈರಿನಲ್ಲಿ ಕರೆಂಟ್ ಕೊಡುವ ಇನ್ವರ್ಟರ್ ನಕ್ಷೆಯಲ್ಲಿ ಬಂತು. ಮನುಷ್ಯರ ನೆನಪಿಗೆ ಏನನ್ನೂ ಬಿಡಲಿಲ್ಲ.

ಕಚೇರಿ ಒಮ್ಮೆ ನಕ್ಷೆಯನ್ನು ಹಿಂದಿರುಗಿಸಿತು. ಬೆಂಕಿ ಬಿದ್ದರೆ ಜನ ಓಡಾಡಲು ಮಾಳಿಗೆಯ ಅಂಚಿನಲ್ಲಿ ಜಾಗವಿಲ್ಲವೆಂಬ ಆಕ್ಷೇಪ. ಗೇಣಿನಲ್ಲಿ ಅಳೆದ ಚೌಕಟ್ಟು ಟೇಪಿನ ಅಳತೆಗಿಂತ ಒಂದು ಅಡಿ ಹೊರಗೆ ಚಾಚಿತ್ತು.

"ಇದೂ ಗೋಡೆ ತಪ್ಪಾ?" ಎಂದಳು ಹೆಂಡತಿ.

"ಸುಮ್ನಿರೇ" ಎಂದು ವೆಲ್ಡರ್ ಚೌಕಟ್ಟನ್ನು ಕೊಯ್ದು ಮತ್ತೆ ಬೆಸೆದ. ಎಲ್ಲ ತನ್ನ ಕೈಯಿಂದಲೇ. ಬೀದಿಗೆ ಜೋಡಿಸುವುದನ್ನು ಪರವಾನಗಿಯವನು ಮಾಡಿ ಸಹಿ ಹಾಕಿದ.

ತಪಾಸಣೆಯ ದಿನ ಕಚೇರಿಯ ಅಧಿಕಾರಿಗಳ ಜೊತೆ ಕಂಬದಣ್ಣನೂ ಬಂದ. ಫ್ಯೂಸ್ ಕಿತ್ತು ಜೇಬಿಗಿಟ್ಟು ಗುಂಡಿ ಹಾಕಿ ಕಂಬ ಹತ್ತಿದ. ವೆಲ್ಡರ್ ಮೈನ್ ಇಳಿಸಿದ. ಒಳಗೆ ಹೊಲಿಗೆ ಯಂತ್ರ ಓಡುತ್ತಲೇ ಇತ್ತು. ಮೀಟರಿನ ದೀಪ ಆರಿತ್ತು.

"ಅಮ್ಮಾ, ಈಗ ನೀವು ಎತ್ತಿ" ಎಂದಳು ಅಕ್ಕ.

ತಾಯಿ ಹಿಂದೆ ಸರಿದಳು. "ನಾನಾ? ಬೇಡಮ್ಮಾ. ಈ ಕೈ ಇನ್ನು ಅದನ್ನ ಮುಟ್ಟಲ್ಲ."

"ನೀವೇ ಎತ್ತಬೇಕು. ನೀವು ಎತ್ತಿದ್ರೂ ಏನೂ ಆಗಬಾರದು. ಅದನ್ನ ನೋಡೋಕೇ ಇವರು ಬಂದಿರೋದು."

ಊರುಗೋಲು ಮೇಲೇರಿತು. ಟಪ್. ಎಲ್ಲರ ಕಣ್ಣೂ ಮೀಟರಿನ ಮೇಲೆ. ದೀಪ ಹತ್ತಲಿಲ್ಲ. ಕಂಬದ ಮೇಲಿದ್ದವನು ಟೆಸ್ಟರ್ ಹಿಡಿದ, ಒಮ್ಮೆ, ಮತ್ತೊಮ್ಮೆ, ಮೂರನೆಯ ಸಲ. ಆಮೇಲೆ ಕೆಳಗೆ ನೋಡಿ ಕೂಗಿದ: "ಅಜ್ಜೀ, ಇನ್ನೂ ಹತ್ತು ಸಲ ಎತ್ತು! ನಾನಿಲ್ಲೇ ಇರ್ತೀನಿ!"

ಅವಳು ಗೋಡೆಗೆ ಮುಖ ಮಾಡಿ ಅತ್ತಳು.

ಓದುಗರೇ, ನಿಮ್ಮ ಬೀದಿಯ ಕಂಬವನ್ನೂ ಒಬ್ಬ ಹತ್ತುತ್ತಾನೆ. ಅವನ ಜೇಬಿನಲ್ಲಿರುವುದು ಬೀದಿಯ ಫ್ಯೂಸ್ ಮಾತ್ರ, ನಿಮ್ಮ ಮಾಳಿಗೆಯದ್ದಲ್ಲ. ಸೋಲಾರ್ ಹಾಕಿಕೊಳ್ಳಿ, ನಿಮ್ಮ ಕೈಯಿಂದಲೇ ಹಾಕಿಕೊಳ್ಳಿ, ಆದರೆ ಮೊದಲು ನಕ್ಷೆ ಬರೆಸಿ. ನಿಯಮಗಳು ಊರಿನಿಂದ ಊರಿಗೆ ಬೇರೆಯಾಗುತ್ತವೆ. ನಿಮ್ಮ ವಿದ್ಯುತ್ ಕಚೇರಿಗೆ ಈ ವಾರವೇ ಹೋಗಿ ಏನೇನು ಬೇಕೆಂದು ಕೇಳಿ, ನಕ್ಷೆ ಮಾಡಿಕೊಟ್ಟು ಜೊತೆ ನಿಲ್ಲುವವರನ್ನು ಹುಡುಕಿ, ಅನುಮತಿ ಪಡೆಯಿರಿ. ಎರಡೂ ತುದಿಗೆ ಪಿನ್ ಇರುವ ವೈರ್ ನಿಮ್ಮ ಮನೆಯಲ್ಲಿದೆಯೇ? ಈ ಹಾಳೆಯನ್ನು ಕೆಳಗಿಡಿ. ಎದ್ದು ಹೋಗಿ ಇನ್ವರ್ಟರ್ ಆರಿಸಿ, ಆ ವೈರನ್ನು ಕಿತ್ತು, ಕತ್ತರಿಸಿ ಹಾಕಿ. ಈಗಲೇ.