ಹೆಂಡತಿಯರ ಸಾಲು

"ಇಲ್ಲಿ ಕೆಳ್ಗೆ ಕೋಳಿ ಕರ್ಕಂಡಿರು, ಬ್ಯಾಡ ಅನ್ನಲ್ಲ. ಮೇಲಕ್ಕೆ ಮಾತ್ರ ಬರ್ಬ್ಯಾಡ. ನಿಮ್ಮಿಬ್ರ ಹೊಲಸು ದೇವ್ರ ಸನ್ನಿಧೀಲಿ ಬ್ಯಾಡ," ಎಂದ ಪಾದ್ರಿ ಟಾಲಿವರ್, ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ನಿಂತು. ಹೇಳುತ್ತಲೇ ತಟ್ಟೆಯಿಂದ ಒಂದು ತೊಡೆ ಎತ್ತಿ ಬಾಯಿಗಿಟ್ಟ. ನನ್ನ ಕೈಯಡುಗೆಗೆ ಮೈಲಿಗೆಯಿಲ್ಲ, ನನಗೆ ಮಾತ್ರ!

ಬಾಲ್ಟಿಮೋರಿನ ಆಸ್ಪತ್ರೆಯ ರಕ್ತ, ಕೀವಿನ ಬಟ್ಟೆ ಒಗೆಯುವ ಕರಿಯರು ನಾವು. ಕೆಲಸ ನಿಲ್ಲಿಸಿದ್ದೆವು. ಸಭೆಗೆ ಈ ಚರ್ಚು ಬಿಟ್ಟರೆ ಬೇರೆ ಯಾರೂ ಜಾಗ ಕೊಡಲಿಲ್ಲ. ಮುಷ್ಕರ ಕಟ್ಟಿದವಳು ನನ್ನ ವರ್ಡೀನ್. ಇಸ್ತ್ರಿ ಯಂತ್ರದ ಮುಂದೆ ನಿಂತೇ ಪದ್ಯ ಕಟ್ಟುತ್ತಾಳೆ. ನಾವಿಬ್ಬರೂ ಹೆಂಗಸರು; ಒಂದೇ ಮನೆ, ಒಂದೇ ಹಾಸಿಗೆ. ಅವಳ ಹೊಸ ಪದ್ಯದಲ್ಲಿ ನಮ್ಮ ಜೊತೆ ಬಟ್ಟೆ ಒಗೆಯುವ ಲರ್ಲೀನಳ ಸುಟ್ಟ ಬೆರಳಿದೆ, ಮುದುಕಿ ಆಡೀಯ ಕೆಮ್ಮಿದೆ. ನಾನಿಲ್ಲ.

"ನಾನೆಲ್ಲೇ ಅದ್ರಲ್ಲಿ?" ಎಂದು ಬೆಳಿಗ್ಗೆಯೇ ಜಗಳ ತೆಗೆದಿದ್ದೆ.

"ನಿನ್ನ ಹಾಕುದ್ರೆ ಪಾದ್ರಿ ಬಾಗ್ಲು ಹಾಕ್ತಾನೆ ಕಣೆ. ಅಷ್ಟೂ ಜನ ಬೀದೀಲಿ ನಿಂತ್ಕಬೇಕು."

"ಊರೋರ ಬೆರಳೆಲ್ಲ ಕಾಣ್ತವೆ ನಿಂಗೆ. ದಿನಾ ನಿನ್ನ ಕಾಲೊತ್ತೋ ಕೈ ಕಾಣಲ್ಲ, ಮುಂಡೇದೇ!"

ಮೇಲೆ ಚಪ್ಪಾಳೆ ಕೇಳಿಸಿತು. ತಡೆಯಲಾಗದೆ ಮೆಟ್ಟಿಲು ಹತ್ತಿ ಇಣುಕಿದೆ. ಮುಂದಿನ ಸಾಲಿನಲ್ಲಿ ಲರ್ಲೀನ್, ಮುಂದಾಳುಗಳ ಹೆಂಡತಿಯರಿಗೆ ಕೊಟ್ಟ ಬಿಳಿ ಹೂ ಎದೆಗೆ ಚುಚ್ಚಿಕೊಂಡು. ಅವಳ ಗಂಡ ಕೆಲಸಗಾರರ ಸಂಘ ಸೇರಿ ಮುಂದಾಳಾದದ್ದು ಮೊನ್ನೆ ಮೊನ್ನೆ. ಅಷ್ಟಕ್ಕೇ ಅವಳಿಗೆ ಹೂವು! ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಪಾದ್ರಿ ಕೈಯೆತ್ತಿದ. "ಮುಂದಾಳುಗಳ ಹೆಂಡ್ತೀರು ಎದ್ದು ನಿಂತ್ಕಳಿ ತಾಯಂದ್ರಾ, ಸಭೆ ನೋಡ್ಲಿ."

ಅವರು ಎದ್ದರು. ನಾನು ಹಿಟ್ಟು ಮೆತ್ತಿದ ಕೈಯಲ್ಲೇ ಹೋಗಿ ಲರ್ಲೀನಳ ಪಕ್ಕ ನಿಂತೆ.

"ಹೆಂಡ್ತೀರು ಅಂದೆ, ಓಜೆಲ್ಲಾ," ಪಾದ್ರಿ ಹಲ್ಲು ಕಡಿದ.

"ಕೇಳುಸ್ತು. ಅದುಕ್ಕೇ ಬಂದೆ."

ಲರ್ಲೀನ್ ಲಂಗ ಒತ್ತರಿಸಿಕೊಂಡು ಕೂತುಬಿಟ್ಟಳು. ಉಳಿದ ಹೆಂಡತಿಯರೂ ಕೂತರು. ಹಿಂದಿನಿಂದ ಯಾರೋ "ಥೂ" ಎಂದರು.

"ವರ್ಡೀನ್, ಇವ್ಳನ್ನ ಕೆಳಕ್ಕೆ ಕಳ್ಸು. ಇಲ್ದಿದ್ರೆ ನೀನೂ ಆಚೆ ನಡಿ," ಎಂದ ಪಾದ್ರಿ.

ವೇದಿಕೆಯ ಮೇಲಿದ್ದ ವರ್ಡೀನ್ ಸಭೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಪದ್ಯದ ಹಾಳೆ ಮಡಚಿಕೊಂಡಳು.

"ನನ್ನ ಹೆಂಡ್ತಿ ಅವ್ಳು," ಎಂದಳು. "ಬರೋರು ಬನ್ನಿ. ಬೀದೀಲಿ ಓದ್ತೀನಿ."

ನಾವಿಬ್ಬರೂ ಹೊರಬಿದ್ದೆವು. ಬಾಗಿಲ ಕಡೆಗೇ ನೋಡುತ್ತ ತುಂಬಾ ಹೊತ್ತು ನಿಂತೆವು. ಒಬ್ಬರೂ ಬರಲಿಲ್ಲ. ವರ್ಡೀನ್ ಕಣ್ಣೊರೆಸಿಕೊಂಡು, ಖಾಲಿ ಬೀದಿಗೆ ಗಟ್ಟಿಯಾಗಿ ಪದ್ಯ ಓದತೊಡಗಿದಳು. ಕೇಳಲು ಇದ್ದವಳು ನಾನೊಬ್ಬಳೇ. ಸುಳ್ಳೇಕೆ ಹೇಳಲಿ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.